ಕ್ರಾಪ್ ಸೆನ್ಸರ್, ಎರಡು ಪ್ರೈಮ್ ಲೆನ್ಸ್, ಕತ್ತಲ ವೇದಿಕೆ: ನನ್ನ ಅನುಭವ

"ಕ್ರಾಪ್ ಬಾಡಿ ಹಿಡ್ಕೊಂಡು ಸ್ಟೇಜ್ ಕೆಲಸ ಒಪ್ಕೋಬೇಡಿ, ಇರೋ ಹೆಸರೂ ಹೋಗುತ್ತೆ" ಎಂದು ಹಿರಿಯ ಫೋಟೋಗ್ರಾಫರ್ ಒಬ್ಬರು ನನಗೆ ಹೇಳಿ ಮೂರು ವರ್ಷದ ಮೇಲಾಯಿತು. ಅವರೊಬ್ಬರೇ ಅಲ್ಲ, ಕೇಳಿದವರೆಲ್ಲ ಹೇಳಿದ್ದು ಅದನ್ನೇ: ಫುಲ್‌ಫ್ರೇಮ್ (ಹಳೆಯ ಫಿಲಂ ಅಳತೆಯ ದೊಡ್ಡ ಸೆನ್ಸರ್, ಕ್ರಾಪ್ ಅಂದರೆ ಅದಕ್ಕಿಂತ ಚಿಕ್ಕದು) ಬೇಕು, 70-200 ಎಂಎಂ ಎಫ್/2.8 ಝೂಮ್ ಲೆನ್ಸ್ ಬೇಕು, ಇಲ್ಲದಿದ್ದರೆ ಕತ್ತಲ ವೇದಿಕೆಯ ತಂಟೆಗೆ ಹೋಗಬೇಡ. ಮೊನ್ನೆ ಒಂದು ನಾಟಕದ ಚಿತ್ರಗಳನ್ನು 12×18 ಇಂಚಿಗೆ ಪ್ರಿಂಟ್ ಹಾಕಿಸಿ ಅದೇ ಹಿರಿಯರ ಮುಂದಿಟ್ಟೆ. ಐಎಸ್‌ಒ (ಕಡಿಮೆ ಬೆಳಕಿನಲ್ಲೂ ಚಿತ್ರವನ್ನು ಬೆಳಗಿಸುವ ಸೆಟ್ಟಿಂಗ್) 6400ರಲ್ಲಿ ತೆಗೆದವು. ಯಾವ ಬಾಡಿ ಅಂದರು, ಹೇಳಿದೆ. ಪ್ರಿಂಟನ್ನು ಮತ್ತೆ ಕೈಗೆತ್ತಿಕೊಂಡು ಕಣ್ಣ ಹತ್ತಿರ ಹಿಡಿದು ನೋಡಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಬಳಿ ಇರುವುದು 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ಕ್ರಾಪ್) ಸೆನ್ಸರ್‌ನ ಮಿರರ್‌ಲೆಸ್ ಕ್ಯಾಮೆರಾ, ಝೂಮ್ ಇಲ್ಲದ ಎರಡು ಪ್ರೈಮ್ ಲೆನ್ಸ್: 35 ಎಂಎಂ ಎಫ್/1.4, 85 ಎಂಎಂ ಎಫ್/1.8 (ಎಫ್ ಅಂಕಿ ಚಿಕ್ಕದಾದಷ್ಟು ಒಳಬರುವ ಬೆಳಕು ಹೆಚ್ಚು). ಅಷ್ಟೇ. ಆ ದೊಡ್ಡ ಝೂಮ್ ಒಂದರ ಬೆಲೆಯಲ್ಲಿ ಇವು ಮೂರೂ ಬಂದು, ಬ್ಯಾಟರಿ, ಕಾರ್ಡುಗಳಿಗೂ ಹಣ ಉಳಿಯಿತು. ಲೆಕ್ಕ ಸರಳ. ಚಿಕ್ಕ ಸೆನ್ಸರ್‌ನಿಂದ ಕಳೆದುಕೊಳ್ಳುವುದು ಒಂದು ಸ್ಟಾಪ್‌ಗಿಂತ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು ಇಲ್ಲವೇ ಅರ್ಧ) ತುಸು ಹೆಚ್ಚು, 2.8ರಿಂದ 1.8ಕ್ಕೆ ಬಂದರೆ ಗಳಿಸುವುದೂ ಹೆಚ್ಚುಕಡಿಮೆ ಅಷ್ಟೇ. ಕಳೆದುಕೊಳ್ಳುವುದು ಝೂಮ್ ಮಾಡುವ ಸೌಕರ್ಯವನ್ನು ಮಾತ್ರ. ಅದಕ್ಕೆ ಕಾಲಿದೆ, ನಡೆಯುತ್ತೇನೆ.

ಈ ಲೆಕ್ಕ ತಲೆಗೆ ಹತ್ತುವ ಮುಂಚೆ ಹಣ ಸಾಕಷ್ಟು ಕಳೆದೆ. ಮೊದಲ ದೊಡ್ಡ ಕೆಲಸ ಒಂದು ಸಂಗೀತ ಕಛೇರಿ. ಶಟರ್ ಸದ್ದು ಕೇಳಿಸಬಾರದು ಅಂದಿದ್ದರು, ಎಲೆಕ್ಟ್ರಾನಿಕ್ ಶಟರ್ ಹಾಕಿಕೊಂಡೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದರೆ ನಾನೂರರಷ್ಟು ಫ್ರೇಮುಗಳಲ್ಲಿ ಮುನ್ನೂರಕ್ಕೆ ಅಡ್ಡಪಟ್ಟೆ. ಎಲ್‌ಇಡಿ ದೀಪಗಳು ಸೆಕೆಂಡಿಗೆ ನೂರಾರು, ಕೆಲವು ಸಾವಿರಾರು ಸಲ ಆರಿ ಹೊತ್ತುತ್ತವೆ. ನನ್ನಂಥ ಸಾಮಾನ್ಯ ಸೆನ್ಸರ್ ಸಾಲುಸಾಲಾಗಿ ನಿಧಾನಕ್ಕೆ ಓದುತ್ತದೆ, ಅಷ್ಟರಲ್ಲಿ ಪಟ್ಟೆ ಮೂಡಿಯೇ ಬಿಡುತ್ತದೆ. ಪುಟ್ಟ ಪರದೆಯಲ್ಲಿ ಅದು ಕಾಣಿಸಿರಲಿಲ್ಲ. ಆಯೋಜಕರು ಅರ್ಧ ಹಣ ಹಿಡಿದುಕೊಂಡರು, ನಾನೂ ಕೇಳಲಿಲ್ಲ. 2017ರಲ್ಲಿ ಸೋನಿ ಎ9 ಬಂದ ಮೇಲೆ ಬಹಳ ವೇಗವಾಗಿ ಓದುವ ಸ್ಟ್ಯಾಕ್ಡ್ ಸೆನ್ಸರ್‌ನವರಿಗೆ ಈ ಕಾಟ ಬಹಳ ಕಡಿಮೆ, 2023ರ ಎ9 III ಅಂತೂ ಇಡೀ ಫ್ರೇಮನ್ನು ಒಂದೇ ಏಟಿಗೆ ಓದುತ್ತದೆ. ಅವೆಲ್ಲ ನನ್ನ ಜೇಬಿಗೆ ನಿಲುಕುವಂಥವಲ್ಲ. ಈಗ ನನ್ನದು ಮೆಕ್ಯಾನಿಕಲ್ ಶಟರ್ರೇ. ಕಛೇರಿಯಲ್ಲಿ ಚಪ್ಪಾಳೆ ಬರುವ ತನಕ, ತಾಳ ಜೋರಾಗುವ ತನಕ ಕಾದು ಒತ್ತುತ್ತೇನೆ. ಚಿತ್ರಗಳ ಸಂಖ್ಯೆ ಕಡಿಮೆಯಾಯಿತು, ಗುಣ ಏರಿತು.

ಎರಡನೆಯ ಪೆಟ್ಟು ನೃತ್ಯ ಕಾರ್ಯಕ್ರಮದಲ್ಲಿ. ನಾಯ್ಸ್ (ಚಿತ್ರದಲ್ಲಿ ಮೂಡುವ ಕಾಳುಕಾಳು) ಭಯಕ್ಕೆ ಆಟೋ ಐಎಸ್‌ಒಗೆ 3200ರ ಮಿತಿ ಕಟ್ಟಿದ್ದೆ. ಶಟರ್ 1/60 ಸೆಕೆಂಡಿಗೆ ಇಳಿಯಿತು. ಸ್ಟೆಬಿಲೈಸೇಶನ್ ಇದ್ದದ್ದರಿಂದ ಹಿಂದಿನ ಪರದೆ ಚೂರಿಯಂತೆ ಚೊಕ್ಕವಾಗಿ ಬಂದಿದೆ, ನರ್ತಕಿಯ ಕೈಗಳು ಮಾತ್ರ ಹೊಗೆ. ಬಾಡಿಯೊಳಗಿನ ಸ್ಟೆಬಿಲೈಸೇಶನ್ ನಮ್ಮ ಕೈ ನಡುಕಕ್ಕೆ ಮದ್ದೇ ಹೊರತು ಎದುರಿನವರ ಚಲನೆಗಲ್ಲ ಎಂಬುದು ಗೊತ್ತಿದ್ದ ವಿಷಯವೇ. ಗೊತ್ತಿದ್ದೂ ಆ ಮಿತಿ ತೆಗೆಯಲು ಕೈ ಬರಲಿಲ್ಲ. ನಾಯ್ಸ್ ಇರುವ ಚಿತ್ರವನ್ನು ಸರಿಮಾಡಬಹುದು, ಅಲುಗಿದ್ದನ್ನು ಯಾರೂ ಸರಿಮಾಡಲಾರರು.

ಆಮೇಲೆ ಎರಡು ಸಲ 70-200 ಬಾಡಿಗೆಗೂ ತಂದೆ. ಬಂದ ಹಣದಲ್ಲಿ ಮುಕ್ಕಾಲು ಪಾಲು ಬಾಡಿಗೆಗೇ ಹೋಯಿತು, ಚಿತ್ರಗಳು ನನ್ನ 85ಕ್ಕಿಂತ ಚೆನ್ನಾಗೇನೂ ಬರಲಿಲ್ಲ. ಅಂದಿಗೆ ಆ ಆಸೆ ಬಿಟ್ಟೆ.

ಈಗಿನ ಕ್ರಮ ಹೀಗಿದೆ. ಎಲ್ಲವೂ ಮ್ಯಾನುಯಲ್. ಮೈಕ್ ಮುಂದೆ ನಿಂತು ಹಾಡುವವರಿಗೆ 1/160, ನಾಟಕಕ್ಕೆ 1/200, ನೃತ್ಯಕ್ಕೆ 1/400ರಿಂದ 1/500, ಡ್ರಮ್ಸ್‌ಗೆ ಅದಕ್ಕೂ ಮೇಲೆ. ಹಳೆಯ ಟ್ಯೂಬ್‌ಲೈಟ್ ಇರುವ ಸಭಾಂಗಣವಾದರೆ 50 ಹರ್ಟ್ಸ್ ವಿದ್ಯುತ್ತಿಗೆ 1/100, 60 ಹರ್ಟ್ಸ್‌ಗೆ 1/125ರ ಸುತ್ತ. ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಿಂಡಿ) ಬಹುಪಾಲು ಪೂರ್ತಿ ತೆರೆದೇ ಇರುತ್ತದೆ. ಐಎಸ್‌ಒ ಎಲ್ಲಿಗೆ ಹೋಗುತ್ತದೋ ಹೋಗಲಿ. ನನ್ನ ಚಿತ್ರಗಳು ಹೆಚ್ಚಿನವು 3200 ಮತ್ತು 12800ರ ನಡುವಿನವು.

ಕ್ಯಾಮೆರಾದ ಬೆಳಕಿನ ಮೀಟರನ್ನು ನಂಬುವುದಿಲ್ಲ. ಹಿಂದೆ ಕಪ್ಪು ಪರದೆ ಕಂಡರೆ ಅದು ಎರಡು ಸ್ಟಾಪ್ ಏರಿಸಿ ಮುಖ ಸುಟ್ಟುಹಾಕುತ್ತದೆ. ನಾನು ಲೈಟ್ ಚೆಕ್‌ಗೇ ಹೋಗಿ ಕೂರುತ್ತೇನೆ. ಇಡೀ ಕಾರ್ಯಕ್ರಮದಲ್ಲಿ ಮುಖದ ಮೇಲೆ ಬೀಳುವ ಅತಿ ಪ್ರಖರ ಬೆಳಕು ಯಾವುದೆಂದು ಕೇಳಿ, ಅದಕ್ಕೆ ಎಕ್ಸ್‌ಪೋಷರ್ ಕಟ್ಟಿಕೊಂಡರೆ ಅದೇ ನನ್ನ ಬುನಾದಿ. ಬೆಳಕು ಇಳಿದಾಗ ಐಎಸ್‌ಒ ಡಯಲನ್ನು ಎಷ್ಟು ಕ್ಲಿಕ್ ತಿರುಗಿಸಬೇಕೆಂಬುದು ಬೆರಳಿಗೇ ಗೊತ್ತಾಗಿದೆ, ಕಣ್ಣು ವ್ಯೂಫೈಂಡರಿನಿಂದ ಏಳುವುದಿಲ್ಲ. ಝೀಬ್ರಾವನ್ನು (ಬೆಳಕು ಮಿತಿಮೀರಿದ ಕಡೆ ಪರದೆಯಲ್ಲಿ ಮೂಡುವ ಗೆರೆಗಳು) ಎಷ್ಟಕ್ಕೆ ಇಟ್ಟುಕೊಂಡಿದ್ದೇನೆ ಎಂದು ಮಾತ್ರ ಹೇಳುವುದಿಲ್ಲ. ಆ ಅಂಕಿ ಹುಡುಕಲು ನನಗೆ ಒಂದು ವರ್ಷ ಹಿಡಿದಿದೆ.

ಇದರ ನಡುವೆ ಒಂದು ಪ್ರಯೋಗ ಮಾಡಿದೆ. ಒಂದೇ ದೃಶ್ಯ, ಒಂದೇ ಶಟರ್, ಒಂದೇ ಅಪರ್ಚರ್. ಒಮ್ಮೆ ಐಎಸ್‌ಒ 6400, ಇನ್ನೊಮ್ಮೆ 800ರಲ್ಲಿ ತೆಗೆದು ಆಮೇಲೆ ರಾ ಫೈಲಿನಲ್ಲಿ (ಸೆನ್ಸರ್ ಹಿಡಿದ ಮೂಲ ಮಾಹಿತಿ) ಮೂರು ಸ್ಟಾಪ್ ಏರಿಸಿದ್ದು. ಪಕ್ಕಪಕ್ಕ ಇಟ್ಟರೆ ನನ್ನ ಸೆನ್ಸರ್‌ನಲ್ಲಿ ವ್ಯತ್ಯಾಸ ಹುಡುಕಬೇಕು. ನಾಯ್ಸ್ ಬರುವುದು ಐಎಸ್‌ಒ ಅಂಕಿಯಿಂದಲ್ಲ, ಬೆಳಕು ಸಾಲದೆ. ಹಾಗಾಗಿ ದೀಪಗಳು ದಿಢೀರನೆ ಬದಲಾಗುವ ರಾಕ್ ಶೋಗಳಲ್ಲಿ ಒಂದು ಸ್ಟಾಪ್ ಕೆಳಗೇ ಇಟ್ಟು ಮುಖ ಉಳಿಸಿಕೊಳ್ಳುತ್ತೇನೆ. ಎಲ್ಲ ಸೆನ್ಸರ್‌ಗಳೂ ಹೀಗೆ ನಡೆದುಕೊಳ್ಳುವುದಿಲ್ಲ, ನಿಮ್ಮದನ್ನು ನೀವೇ ಪರೀಕ್ಷಿಸಿ. ಹಳೆಯ 135 ಎಂಎಂ ಮ್ಯಾನುಯಲ್ ಲೆನ್ಸನ್ನು ಅಡಾಪ್ಟರ್ ಹಾಕಿಯೂ ನೋಡಿದೆ, ಒಂದು ಸಂಜೆ ಪೂರ್ತಿ ವ್ಯರ್ಥ. 1/15ರಲ್ಲಿ ನರ್ತಕಿಯ ತಿರುಗು ಹಿಡಿಯಲು ಹೋಗಿ ಇನ್ನೂರರಲ್ಲಿ ಮೂರು ಸಿಕ್ಕವು. ಆ ಮೂರರಲ್ಲಿ ಒಂದು ಮುಂದಿನ ವರ್ಷದ ಪೋಸ್ಟರ್ ಆಯಿತು.

ಫೋಕಸ್ ವಿಷಯ ಹೇಳದೆ ಮುಗಿಸುವಂತಿಲ್ಲ. 85ನ್ನು 1.8ರಲ್ಲಿ ತೆರೆದು ಆರು ಮೀಟರ್ ದೂರದವರನ್ನು ಹಿಡಿದರೆ ಸ್ಪಷ್ಟವಾಗಿರುವುದು ಸುಮಾರು ಒಂದಡಿ ಆಳ. ಕಣ್ಣು ಗುರುತಿಸುವ ಫೋಕಸ್ ಮೈಕ್ ಅಡ್ಡ ಬಂದರೆ, ದಟ್ಟ ಮೇಕಪ್ ಇದ್ದರೆ ಎಡವುತ್ತದೆ. ನಾನು ಚಿಕ್ಕ ಫೋಕಸ್ ಝೋನ್ ಒಂದನ್ನು ಮುಖದ ಮೇಲೆ ಇಟ್ಟುಕೊಂಡೇ ಇರುತ್ತೇನೆ. ಇನ್ನೊಂದು ಮಾತು: ನಮ್ಮ ಹೆಚ್ಚಿನ ಮಿರರ್‌ಲೆಸ್‌ಗಳ ಫೋಕಸ್ ಅಳೆಯುವ ಫೇಸ್ ಡಿಟೆಕ್ಟ್ (phase, ಮುಖವಲ್ಲ) ಪಿಕ್ಸೆಲ್‌ಗಳು ಕ್ಯಾಮೆರಾ ಅಡ್ಡಕ್ಕೆ ಹಿಡಿದಾಗ ಲಂಬ ಗೆರೆಗಳನ್ನು ಮಾತ್ರ ಚೆನ್ನಾಗಿ ಹಿಡಿಯುತ್ತವೆ. ಅಡ್ಡಪಟ್ಟೆಯ ಬಟ್ಟೆಯ ಮೇಲೆ ಫೋಕಸ್ ಹಿಂದೆ ಮುಂದೆ ಓಡಾಡತೊಡಗಿದರೆ ಕ್ಯಾಮೆರಾವನ್ನು ಸ್ವಲ್ಪ ಓರೆ ಮಾಡಿ ಲಾಕ್ ಮಾಡಿ, ಮತ್ತೆ ನೇರಕ್ಕೆ ತನ್ನಿ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ.

2023ರ ಏಪ್ರಿಲ್‌ನಲ್ಲಿ ಚಿತ್ರ ತಿದ್ದುವ ಲೈಟ್‌ರೂಮ್ ತಂತ್ರಾಂಶಕ್ಕೆ ನಾಯ್ಸ್ ತೆಗೆಯುವ ಎಐ ಡಿನಾಯ್ಸ್ ಬಂದ ಮೇಲೆ 12800ರ ಚಿತ್ರ ಕೂಡ ಕೊಡುವಂತಾಯಿತು. ಪೂರ್ತಿ ಎಳೆಯಬೇಡಿ, ಚರ್ಮ ಮೇಣದಂತಾಗುತ್ತದೆ. ಅರ್ಧಕ್ಕಿಂತ ಕೆಳಗೇ ನಿಲ್ಲಿಸುತ್ತೇನೆ.

ಇನ್ನೂ ಪೂರ್ತಿ ಕೈಗೆ ಸಿಗದೆ ಇರುವುದು ಅಪ್ಪಟ ನೀಲಿ ಬೆಳಕು. ಬರೀ ನೀಲಿ ಎಲ್‌ಇಡಿ ಬಿದ್ದಾಗ ಸಾಮಾನ್ಯ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಎಲ್ಲ ಸರಿಯಿದೆ ಅನ್ನುತ್ತದೆ, ಅಷ್ಟರಲ್ಲಿ ನೀಲಿ ಚಾನೆಲ್ ತುಂಬಿ ಚೆಲ್ಲಿ ಮುಖ ಬಣ್ಣ ಬಳಿದ ತಗಡಿನಂತಾಗಿರುತ್ತದೆ. ಕೆಂಪು, ಹಸಿರು, ನೀಲಿ ಮೂರೂ ಚಾನೆಲ್‌ಗಳ ಹಿಸ್ಟೋಗ್ರಾಮ್ ನೋಡಿಕೊಂಡು ಇನ್ನೂ ಒಂದು ಸ್ಟಾಪ್ ಇಳಿಸುತ್ತೇನೆ, ಆಮೇಲೆ ಕಪ್ಪುಬಿಳುಪಿಗೆ ತಿರುಗಿಸುತ್ತೇನೆ. ತಿರುಗಿಸುವ ರೀತಿ ನನ್ನ ಬಳಿಯೇ ಇರಲಿ. ಅದಕ್ಕಿಂತ ಒಳ್ಳೆಯ ದಾರಿ ಲೈಟಿಂಗ್ ನೋಡಿಕೊಳ್ಳುವವರ ಗೆಳೆತನ. ಕಳೆದ ಮೂರು ಶೋಗಳಲ್ಲಿ ಅವರು ನನ್ನ ಮಾತಿಗೆ ನೀಲಿ ದೃಶ್ಯಗಳಿಗೆ ಒಂದಿಷ್ಟು ಬಿಳಿ ಬೆಳಕು ಸೇರಿಸಿಕೊಟ್ಟರು. ನಾಲ್ಕನೆಯ ಶೋಗೂ ಕೇಳಿದ್ದೇನೆ.