ಡಿಗ್ರಿ ಕಡಿಮೆ ಬಂದ ಹಾಲು

ಮುಳಬಾಗಿಲು ತಾಲ್ಲೂಕಿನ ಒಂದು ಸಣ್ಣ ಊರಿನಲ್ಲಿ ಮಹಿಳಾ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ ನಾನು. ಊರಿನವರಿಗೆ ಅದು ಬರೀ ಡೈರಿ. ಬೆಳಗ್ಗೆ ಆರಕ್ಕೆ ಬಾಗಿಲು ತೆಗೆಯಬೇಕು, ಸಂಜೆ ಮತ್ತೆ ತೆಗೆಯಬೇಕು. ಹಬ್ಬ ಇರಲಿ, ಮನೆಯಲ್ಲಿ ಮದುವೆ ಇರಲಿ, ಹಸುವಿಗೆ ರಜೆ ಇಲ್ಲ ಅಲ್ವಾ?

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಸಾವಿರ ಅಡಿ ಕೊರೆಸಿದರೂ ಬೋರ್‌ವೆಲ್‌ನಲ್ಲಿ ನೀರು ಬಂದೇ ಬರುತ್ತದೆ ಅಂತ ಹೇಳಲಾಗದು. ಟೊಮೆಟೊ ಬೆಲೆ ಬಿದ್ದರೆ ಕೂಲಿಯೂ ಹುಟ್ಟುವುದಿಲ್ಲ. ಇಂಥ ಕಡೆ ತಪ್ಪದೆ ದುಡ್ಡು ತರುವುದು ಹಾಲು ಮಾತ್ರ.

ನಮ್ಮ ಅತ್ತೆಯ ಕಾಲದಲ್ಲಿ ಡೈರಿ ಇರಲಿಲ್ಲ. ಹಾಲಿನವನು ಸೈಕಲ್ಲಿನಲ್ಲಿ ಬರುತ್ತಿದ್ದ. ಅಳತೆ ಅವನದೇ, ರೇಟೂ ಅವನದೇ. ಹಸು ತರಲು ಮುಂಗಡ ಕೊಟ್ಟವನೂ ಅವನೇ, ಹಾಗಾಗಿ ಬೇರೆಯವರಿಗೆ ಹಾಲು ಹಾಕುವಂತಿಲ್ಲ. ಮಳೆಗಾಲದಲ್ಲಿ ಹಾಲು ಜಾಸ್ತಿಯಾದರೆ ‘ಇವತ್ತು ಬೇಡ’ ಅಂತ ಹೊರಟೇ ಬಿಡುತ್ತಿದ್ದ. ಗುಜರಾತಿನ ಖೇಡಾ ಜಿಲ್ಲೆಯ ರೈತರಿಗೂ ಇಂಥದ್ದೇ ಕಷ್ಟ ಇತ್ತಂತೆ. ಅದಕ್ಕೇ 1946ರಲ್ಲಿ ತ್ರಿಭುವನದಾಸ್ ಪಟೇಲರ ಮುಂದಾಳತ್ವದಲ್ಲಿ ಅವರೇ ಸಂಘ ಕಟ್ಟಿಕೊಂಡರು. ಅಮುಲ್ ಬೆಳೆಸಿದ ವರ್ಗೀಸ್ ಕುರಿಯನ್ ಅವರು ಬಂದದ್ದು ಆಮೇಲೆ. ಅದೇ ಪದ್ಧತಿ 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ನಮ್ಮ ರಾಜ್ಯಕ್ಕೂ ಬಂತು. ಊರಿಗೊಂದು ಸಂಘ, ಅದರ ಮೇಲೆ ಒಕ್ಕೂಟ, ಅದರ ಮೇಲೆ ನಂದಿನಿ ಪ್ಯಾಕೆಟ್ಟಿನ ಮಹಾಮಂಡಳ. ತರಬೇತಿಯಲ್ಲಿ ಇದನ್ನೆಲ್ಲ ಹೇಳಿಕೊಟ್ಟಾಗ ನನಗೆ ನೆನಪಾಗಿದ್ದು ಅತ್ತೆಯ ಸೈಕಲ್ಲಿನವನು.

ಆದರೆ ಸಂಘ ನಿಲ್ಲುವುದು ನಂಬಿಕೆಯ ಮೇಲೆ. ಅದು ನನಗೆ ಗೊತ್ತಾಗಿದ್ದು ಒಬ್ಬ ದೊಡ್ಡಮ್ಮನಿಂದ. ಅವರಿಗೆ ಗಂಡ ಇಲ್ಲ, ಜಮೀನು ಅರ್ಧ ಎಕರೆ, ಇದ್ದದ್ದು ಒಂದೇ ಸೀಮೆಹಸು. ಒಂದು ಸಂಜೆ ಅವರ ಹಾಲಿಗೆ ಲ್ಯಾಕ್ಟೋಮೀಟರ್, ಅಂದರೆ ಹಾಲಿನ ಗಟ್ಟಿತನ ಅಳೆಯುವ ಗಾಜಿನ ಕೊಳವೆ, ಬಿಟ್ಟರೆ ಡಿಗ್ರಿ 23ಕ್ಕೆ ನಿಂತಿತು. ಒಳ್ಳೆ ಹಸುವಿನ ಹಾಲು 28ರ ಆಸುಪಾಸು ಇರಬೇಕು, ನೀರು ಬೆರೆಸಿದರೆ ಇಳಿಯುತ್ತದೆ. ಸಾಲಿನಲ್ಲಿ ನಿಂತವರು ಮುಖ ಮುಖ ನೋಡಿಕೊಂಡರು. ‘ನೀರು’ ಅಂತ ಯಾರೋ ಅಂದೇ ಬಿಟ್ಟರು. ದೊಡ್ಡಮ್ಮನ ಕಣ್ಣಲ್ಲಿ ನೀರು ತುಂಬಿಕೊಂಡಿತು. ‘ನಮ್ಮವ್ವನಾಣೆ, ಒಂದು ತೊಟ್ಟೂ ಹಾಕಿಲ್ಲ ಕಣಮ್ಮ’ ಅಂದರು.

ಪಾತ್ರೆ ಮುಟ್ಟಿ ನೋಡಿದೆ. ಇನ್ನೂ ಬಿಸಿ ಇತ್ತು, ಮೇಲೆ ನೊರೆ. ಅವರ ಮನೆ ಡೈರಿಯ ಪಕ್ಕದಲ್ಲೇ ಇದೆ, ಕರೆದವರೇ ಹಾಗೇ ತಂದಿದ್ದರು. ಆಗಷ್ಟೇ ಕರೆದ ಹಾಲಿನಲ್ಲಿ ಗಾಳಿ ಸೇರಿರುತ್ತದೆ, ಬಿಸಿಯೂ ಇರುತ್ತದೆ. ಡಿಗ್ರಿ ಇರುವುದಕ್ಕಿಂತ ಕಡಿಮೆಯೇ ತೋರಿಸುತ್ತದೆ. ಅರ್ಧ ಗಂಟೆ ಪಕ್ಕಕ್ಕಿಟ್ಟು, ಎಲ್ಲರ ಎದುರಿಗೇ ಮತ್ತೆ ನೋಡಿದೆ. 25 ಬಂತು. ಆದರೂ ಕಡಿಮೆಯೇ.

ಮರುದಿನ ಬೆಳಗ್ಗೆ ಇಬ್ಬರು ಸದಸ್ಯೆಯರನ್ನು ಕರೆದುಕೊಂಡು ಅವರ ಕೊಟ್ಟಿಗೆಗೇ ಹೋದೆ. ನಮ್ಮ ಕಣ್ಣೆದುರೇ ಕರೆದರು. ಆರಿಸಿ ನೋಡಿದರೆ ಮತ್ತೆ 25. ನೀರಿನ ಮಾತು ಅಲ್ಲಿಗೇ ಮುಗಿಯಿತು. ಹಸುವಿನ ಪಕ್ಕೆಲುಬು ಎಣಿಸಬಹುದಿತ್ತು. ಗೋದಲಿಯಲ್ಲಿ ಒಣ ರಾಗಿಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಹೊಟ್ಟೆಗಿಲ್ಲದ ಹಸುವಿನ ಹಾಲಿನಲ್ಲಿ ಗಟ್ಟಿ ಅಂಶ ಎಲ್ಲಿಂದ ಬರಬೇಕು?

ಸಂಘದಿಂದ ಒಂದು ಮೂಟೆ ಫೀಡ್ (ಪಶು ಆಹಾರ) ಸಾಲಕ್ಕೆ ಕೊಟ್ಟು, ಹಾಲಿನ ದುಡ್ಡಿನ ಮೂರು ಬಟವಾಡೆಯಲ್ಲಿ ಸ್ವಲ್ಪ ಸ್ವಲ್ಪವೇ ಹಿಡಿದುಕೊಂಡೆವು. ಖನಿಜ ಮಿಶ್ರಣದ ಪುಡಿ ಕೊಡಿಸಿದೆ. ನಮ್ಮ ಹೊಲದಿಂದ ನೇಪಿಯರ್ ಹುಲ್ಲಿನ ತುಂಡುಗಳನ್ನು ಕಡಿದುಕೊಟ್ಟೆ. ಬಚ್ಚಲ ನೀರು ಹೋಗುವ ಕಡೆ ನೆಟ್ಟರು, ಅಷ್ಟು ನೀರು ಸಾಕು ಅದಕ್ಕೆ. ಹುಲ್ಲು ಚಿಗುರುವ ಮೊದಲೇ, ಫೀಡ್ ಶುರುವಾದ ಮೂರನೇ ವಾರದಲ್ಲಿ ಡಿಗ್ರಿ 28 ಮುಟ್ಟಿತು. ಅವತ್ತು ಆ ಸಂಖ್ಯೆಯನ್ನು ನಾನು ಓದಲಿಲ್ಲ, ದೊಡ್ಡಮ್ಮನ ಕೈಯಲ್ಲೇ ಓದಿಸಿದೆ.

ಅಂದಿನಿಂದ ಯಾರ ಹಾಲು ಕಡಿಮೆ ಬಂದರೂ ಮೊದಲು ಆರಿಸಿ ನೋಡುತ್ತೇನೆ, ಆಮೇಲೆ ಕೊಟ್ಟಿಗೆಗೆ ಹೋಗುತ್ತೇನೆ. ಈಗ ಮೆಷಿನ್ ಬಂದಿದೆ, ಜಿಡ್ಡು, ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಉಳಿದ ಗಟ್ಟಿ ಅಂಶ) ಎಲ್ಲ ಒಂದೇ ಗಳಿಗೆಯಲ್ಲಿ ತೋರಿಸುತ್ತದೆ. ಅದರ ಪರದೆಯನ್ನು ಹಾಲು ಹಾಕುವವರ ಕಡೆಗೇ ತಿರುಗಿಸಿ ಇಟ್ಟಿದ್ದೇನೆ. ನಮ್ಮ ಮನೆಯ ಹಾಲಿನ ಅಂಕಿಯೂ ಎಲ್ಲರಿಗೂ ಕಾಣುತ್ತದೆ.

ದುಡ್ಡು ಹೆಂಗಸರ ಖಾತೆಗೇ ಬೀಳುತ್ತದೆ. ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವೂ ಖಾತೆಗೇ ಬರುತ್ತದೆ, ತಡವಾದರೂ. ಸ್ಕೂಲ್ ಫೀಸಿಗೆ, ಔಷಧಿಗೆ ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ. ಹಾಗಂತ ಹೈನುಗಾರಿಕೆ ಸಲೀಸು ಅಂತ ಯಾರಿಗೂ ಹೇಳಲಾರೆ. ಹಾಲಿನ ರೇಟು ಏರುವ ಮೊದಲೇ ಫೀಡಿನ ರೇಟು ಏರಿರುತ್ತದೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ವಿಮೆ ಮಾಡಿಸದ ಎರಡು ಮನೆಗಳಲ್ಲಿ ಹಸು ಸತ್ತವು, ಸಾಲ ಮಾತ್ರ ಹಾಗೇ ಉಳಿಯಿತು. ಹಾಗಾಗಿ ಹೊಸದಾಗಿ ಬರುವವರಿಗೆ ನನ್ನ ಮಾತು ಇಷ್ಟೇ: ಮೊದಲು ಹುಲ್ಲು ಬೆಳೆಸಿ, ಆಮೇಲೆ ಒಂದು ಹಸು ತನ್ನಿ, ಕೊಟ್ಟಿಗೆಗೆ ತಂದ ದಿನವೇ ವಿಮೆಗೆ ಓಡಾಡಿ.

ದೊಡ್ಡಮ್ಮನ ಆ ಹಸುವಿನ ಕರು ಈಗ ತುಂಬು ಗಬ್ಬ. ಮೊನ್ನೆ ಹಾಲು ಅಳೆಯುವಾಗ ಗಿಣ್ಣು ಕೇಳಿದೆ. ‘ಮೊದಲು ಕರುವಿಗೆ ಕಣಮ್ಮ, ಅದು ಹೊಟ್ಟೆ ತುಂಬ ಕುಡಿದು ಮಿಕ್ಕಿದರೆ ನಿನಗೆ’ ಅಂದರು.