ಭುಜ್ ಭೂಕಂಪ: ನೋಡಲು ಬಂದವರನ್ನು ಹಂಚುವ ಕೆಲಸ

2001ರ ಜನವರಿ 26, ಬೆಳಿಗ್ಗೆ 8.46. ಧ್ವಜ ಹಾರಿಸುವ ಹೊತ್ತಿಗೆ ಗುಜರಾತಿನ ಕಛ್ ನಡುಗಿತು. ತೀವ್ರತೆ 7.7. ಕೆಲವೇ ದಿನಗಳಲ್ಲಿ ನಾನು ಭುಜ್‌ನಲ್ಲಿದ್ದೆ. ಆದರೆ ನನ್ನ ಪಾಲಿಗೆ ಬಂದದ್ದು ಕಟ್ಟಡ ನೋಡುವ ಕೆಲಸವಲ್ಲ, ಹಾನಿ ನೋಡಲು ಬಂದ ತಂಡಗಳನ್ನು ಊರೂರಿಗೆ ಹಂಚುವ ಕೆಲಸ.

ಭೂವಿಜ್ಞಾನಿಗಳು, ಕಟ್ಟಡದ ಎಂಜಿನಿಯರುಗಳು, ಸೇತುವೆ ನೋಡುವವರು, ಹೊರದೇಶದವರು, ಎಲ್ಲರೂ ಒಟ್ಟಿಗೇ ಬಂದಿಳಿದಿದ್ದರು. ಅಲ್ಲಿ ಯಾರಿಗೂ ಯಾರೂ ಮೇಲಧಿಕಾರಿಯಲ್ಲ. ಅವರ ಪಾಡಿಗೆ ಬಿಟ್ಟರೆ ಎಲ್ಲರೂ ಭುಜ್‌ನ ಹಳೇ ಪೇಟೆಗೆ, ಇಲ್ಲ ಭಚಾವ್‌ಗೆ ಹೋಗುತ್ತಾರೆ. ಅಲ್ಲಿ ಫೋಟೊ ಚೆನ್ನಾಗಿ ಬರುತ್ತೆ ಅಲ್ವಾ! ರಾಪರ್ ಕಡೆಯ ಹಳ್ಳಿಗಳನ್ನು ಕೇಳುವವರೇ ಇಲ್ಲ.

ಅದಕ್ಕೇ ದಿನಾ ಸಂಜೆ ಒಂದು ಮೀಟಿಂಗ್. ಗೋಡೆಗೊಂದು ದೊಡ್ಡ ಮ್ಯಾಪ್. ಎಲ್ಲಿಗೆ ಹೋದಿರಿ, ಏನು ಕಂಡಿತು, ನಾಳೆ ಎಲ್ಲಿಗೆ? ಇಷ್ಟನ್ನೇ ಹೇಳಬೇಕು. ಸಿದ್ಧಾಂತ ಶುರುವಾದರೆ ನಾನು ಮಧ್ಯೆ ಬಾಯಿ ಹಾಕುತ್ತಿದ್ದೆ. ದೊಡ್ಡ ಪ್ರೊಫೆಸರುಗಳಿಗೆ ಇದು ಸಿಟ್ಟು ತರಿಸುತ್ತಿತ್ತು. ತರಿಸಲಿ.

ಯಾವುದು ಬೇಗ ಅಳಿಸಿಹೋಗುತ್ತದೋ ಅದನ್ನು ಮೊದಲು ನೋಡಬೇಕು. ಉಪ್ಪಿನ ಬಯಲಾದ ರಣ್‌ನಲ್ಲಿ ನೆಲ ಬಿರಿದು ಮರಳು, ಉಪ್ಪುನೀರು ಉಕ್ಕಿತ್ತು. ಅದರ ಗುರುತು ಗಾಳಿಗೆ ನಿಲ್ಲುವುದಿಲ್ಲ. ಇನ್ನು ಚಾಂಗ್, ತಾಪರ್, ಶಿವಲಖಾದ ಮಣ್ಣಿನ ಅಣೆಕಟ್ಟುಗಳು. ಏರಿಯ ಬುಡದ ಮಣ್ಣೇ ಸಡಿಲವಾಗಿ ಜಾರಿತ್ತು. ಬರಗಾಲದಿಂದ ನೀರು ತಳ ಕಂಡಿತ್ತು, ಕೆಳಗಿನ ಹಳ್ಳಿಗಳು ಬಚಾವಾದವು. ಮಳೆಗಾಲಕ್ಕೆ ಮುಂಚೆ ರಿಪೇರಿ ಶುರುವಾಗುವುದು ಖಂಡಿತ. ಒಮ್ಮೆ ಮಣ್ಣು ತುಂಬಿದರೆ ಒಳಗೆ ಏನಾಗಿತ್ತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಅಲ್ಲಿಗೆ ಬೇಗ ಜೀಪು ಕಳಿಸಿದೆವು. ಕುಸಿದ ಆಸ್ಪತ್ರೆ, ಶಾಲೆಗಳ ಕಥೆಯೂ ಅಷ್ಟೇ: ಬುಲ್ಡೋಜರ್ ಬರುವ ಮುಂಚೆ ನೋಡಬೇಕು, ರಕ್ಷಣೆಯವರಿಗೆ ಅಡ್ಡ ಬರಬಾರದು. ಕುಡಿಯುವ ನೀರು, ಊಟ, ಡೀಸೆಲ್ ನಮ್ಮದೇ ಇರಬೇಕು. ಜಿಲ್ಲಾಡಳಿತವನ್ನು ಒಂದು ಗಾಡಿ ಕೂಡ ಕೇಳುವಂತಿಲ್ಲ.

ಜೀಪಿನಲ್ಲಿ ಯಾರ ಪಕ್ಕ ಯಾರು ಎನ್ನುವುದೂ ಮುಖ್ಯ. ಮನ್‌ಫರಾ ಹತ್ತಿರದ ಉದ್ದನೆ ಬಿರುಕುಗಳನ್ನು ಕಂಡು, ಭೂಕಂಪದ ಮೂಲ ಸ್ತರಭಂಗವೇ (ಬಂಡೆ ಒಡೆದು ಜಾರಿದ ಸೀಳು) ಇಲ್ಲಿ ಮೇಲೆ ಬಂದಿದೆ ಎಂದು ಕೆಲವರು, ಮೆತ್ತನೆ ಮಣ್ಣು ಪಕ್ಕಕ್ಕೆ ಸರಿದಿದೆ ಅಷ್ಟೇ ಎಂದು ಕೆಲವರು. ಭೂವಿಜ್ಞಾನಿಯನ್ನೂ ಮಣ್ಣಿನ ಎಂಜಿನಿಯರನ್ನೂ ಒಂದೇ ಗಾಡಿಗೆ ಹತ್ತಿಸಿದೆ. ವಾದ ಬಿರುಕಿನ ಪಕ್ಕದಲ್ಲೇ, ಅಳತೆ ಟೇಪು ಹಿಡಿದುಕೊಂಡು ನಡೆಯಿತು. ಕೊನೆಗೂ ಮೂಲ ಸ್ತರಭಂಗ ನೆಲದ ಮೇಲೆ ಕಾಣಲಿಲ್ಲ, ಒಡೆದದ್ದು ಆಳದಲ್ಲೇ.

ಇನ್ನೊಂದು ತಂಡ 200 ಕಿಲೋಮೀಟರಿಗೂ ದೂರದ ಅಹಮದಾಬಾದ್‌ಗೆ ಹೋಯಿತು. ಅಷ್ಟು ದೂರದಲ್ಲಿ ಬಹುಮಹಡಿ ಫ್ಲಾಟ್‌ಗಳು ಬಿದ್ದದ್ದು ಯಾಕೆ? ಕೆಳಗೆ ಬರೀ ಪಾರ್ಕಿಂಗ್, ಗೋಡೆಯೇ ಇಲ್ಲ, ತೆಳ್ಳನೆ ಪಿಲ್ಲರುಗಳ ಮೇಲೆ ಇಡೀ ಕಟ್ಟಡ. ಮುರಿದ ಒಂದು ಪಿಲ್ಲರಿನ ಫೋಟೊ ಮೀಟಿಂಗಿನಲ್ಲಿ ಕೈಯಿಂದ ಕೈಗೆ ಹೋಯಿತು. ಉದ್ದನೆ ಸರಳುಗಳನ್ನು ಸುತ್ತಿ ಹಿಡಿಯುವ ಕಬ್ಬಿಣದ ರಿಂಗುಗಳು ದೂರದೂರ. ತುದಿ 90 ಡಿಗ್ರಿಗೆ ಬಾಗಿಸಿದ್ದು, ಕಾಂಕ್ರೀಟ್ ಉದುರಿದ್ದೇ ಬಿಚ್ಚಿಕೊಂಡಿದೆ. 135 ಡಿಗ್ರಿಗೆ ಬಾಗಿಸಿ ಒಳಕ್ಕೆ ಸಿಕ್ಕಿಸಬೇಕು ಎಂಬ ನಿಯಮ 1993ರಿಂದಲೇ ಕಟ್ಟಡ ನಿಯಮಗಳ ಪುಸ್ತಕದಲ್ಲಿತ್ತು.

ನಾನು ಹಟ ಹಿಡಿದು ಮಾಡಿಸಿದ ಕೆಲಸವೆಂದರೆ, ಏನೂ ಆಗದ ಕಟ್ಟಡಗಳನ್ನೂ ಬರೆಸಿದ್ದು. ಬಿದ್ದದ್ದನ್ನೇ ಎಣಿಸಿದರೆ ಎಲ್ಲವೂ ಬಿತ್ತು ಅಂತಲೇ ಅನ್ನಿಸುತ್ತೆ. ಕಲ್ಲು, ಮಣ್ಣಿನ ಗಾರೆಯ ಮನೆಗಳು ಮಣ್ಣುಗೂಡಿದ್ದವು. ದುಂಡನೆಯ ಭುಂಗಾ ಮನೆಗಳು ಬಹಳಷ್ಟು ಕಡೆ ನಿಂತಿದ್ದವು. ಮೊದಲು ತಕರಾರು ಬಂತು, ಆಮೇಲೆ ಎಲ್ಲರೂ ನಿಂತ ಕಟ್ಟಡಗಳ ಆ ಲೆಕ್ಕವನ್ನೇ ಕೇಳಿಕೊಂಡು ಬಂದರು.

ಒಂದು ಪ್ರಶ್ನೆ ಮಾತ್ರ ಎಲ್ಲ ಹಳ್ಳಿಗಳಲ್ಲೂ ಎದುರಾಗುತ್ತಿತ್ತು. "ಸಾಹೇಬ್, ಒಳಗೆ ಹೋಗಿ ಮಲಗಬಹುದಾ?" ಅಧ್ಯಯನಕ್ಕೆ ಬಂದವರು ಸುಮ್ನೆ ಹೂಂ ಅನ್ನುವಂತಿಲ್ಲ, ಹಾಗಂತ ಮುಖ ತಿರುಗಿಸಲೂ ಆಗದು. ಅಂಥ ಮನೆಗಳನ್ನೆಲ್ಲ ಬರೆದುಕೊಂಡು ಬರಲು ಹೇಳಿದೆ. ಆ ಪಟ್ಟಿ ರಾತ್ರಿಯೇ ಸ್ಥಳೀಯ ಎಂಜಿನಿಯರುಗಳ ಕೈ ಸೇರುತ್ತಿತ್ತು.