ಟುಲೂಸ್‌ಗೆ ಹೊಸದಾಗಿ ಬಂದವರಿಗೆ: ಊರಾಚೆ ಹೋಗಲು ಬೇಸಿಗೆವರೆಗೆ ಕಾಯಬೇಡಿ

ಏರ್‌ಬಸ್ ಕೆಲಸಕ್ಕೋ ಓದಿಗೋ ಬೆಂಗಳೂರಿನಿಂದ ಫ್ರಾನ್ಸಿನ ಟುಲೂಸ್‌ಗೆ ಬಂದಿಳಿಯುವ ನಮ್ಮವರು ಬಹುಪಾಲು ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮನೆ ಹುಡುಕಿ, ಬ್ಯಾಂಕ್ ಖಾತೆ ತೆರೆದು, ಆರೋಗ್ಯ ವಿಮೆಯ ಕಾರ್ಡಾದ ಕಾರ್ತ್ ವಿತಾಲ್‌ಗೆ ಅರ್ಜಿ ಹಾಕಿ ಉಸ್ಸಪ್ಪಾ ಅನ್ನುವಷ್ಟರಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲಾಗುವ ದಿನಗಳು ಬಂದಿರುತ್ತವೆ. ‘ಬೇಸಿಗೆ ಬರಲಿ, ಆಮೇಲೆ ಓಡಾಡೋಣ’ ಎಂದು ಹೀಟರ್ ಪಕ್ಕ ಕೂತುಬಿಡುತ್ತಾರೆ. ಬೇಸಿಗೆ ಬಂತೆಂದರೆ ಪ್ಯಾರಿಸ್, ಬಾರ್ಸಿಲೋನಾ, ಸ್ವಿಟ್ಜರ್ಲೆಂಡ್. ಊರಿಂದ ಒಂದು ಗಂಟೆ ದೂರದ ಹಳ್ಳಿಯನ್ನೇ ನೋಡದೆ ಗಂಟುಮೂಟೆ ಕಟ್ಟಿ ವಾಪಸಾದವರು ಬೇಕಾದಷ್ಟಿದ್ದಾರೆ. ನನ್ನನ್ನು ಕೇಳಿದರೆ ಇಲ್ಲಿ ಹೊರಗೆ ತಿರುಗಲು ತೀರಾ ಸಪ್ಪೆ ತಿಂಗಳೆಂದರೆ ಆಗಸ್ಟ್. ಆದ್ದರಿಂದ ನೀವು ಬಂದಿಳಿದ ಶರತ್ಕಾಲದಿಂದಲೇ ಶುರು ಮಾಡೋಣ.

ಮೊದಲು ದಾರಿಯ ಗುರುತು ಕಲಿಯಿರಿ. ಕಾಲುದಾರಿಯ ಪಕ್ಕದ ಮರ, ಬಂಡೆ, ವಿದ್ಯುತ್ ಕಂಬಗಳ ಮೇಲೆ ಬಣ್ಣದ ಪಟ್ಟೆ ಬಳಿದಿರುತ್ತಾರೆ. ಬಿಳಿ ಪಟ್ಟೆಯ ಕೆಳಗೆ ಕೆಂಪು ಪಟ್ಟೆ ಇದ್ದರೆ ಅದು ‘ಜಿ.ಆರ್.’, ಅಂದರೆ ದೂರದ ದಾರಿ. ಬರೀ ಹಳದಿ ಇದ್ದರೆ ಕೆಲವು ಗಂಟೆಗಳಲ್ಲಿ ಮುಗಿಯುವ ‘ಪಿ.ಆರ್.’, ಹೊಸಬರಿಗೆ ಇದೇ ಸರಿ. ಗುಣಿಸು ಚಿಹ್ನೆಯಂತೆ (X) ಗೀಟು ಹಾಕಿದ ಗುರುತು ಕಂಡರೆ ದಾರಿ ತಪ್ಪಿದೆ ಎಂದರ್ಥ, ಹಿಂದಿನ ಕವಲಿಗೆ ಮರಳಿ. ಮೊಬೈಲ್ ಸಿಗ್ನಲ್ ನಂಬಿಕೊಂಡು ಹೋಗಬೇಡಿ. ಐ.ಜಿ.ಎನ್. ಎಂಬ ಸರ್ಕಾರಿ ನಕ್ಷೆ ಸಂಸ್ಥೆಯ ನೀಲಿ ಹೊದಿಕೆಯ ಮ್ಯಾಪ್‌ಗಳು ಪುಸ್ತಕದ ಅಂಗಡಿಗಳಲ್ಲಿ ಸಿಗುತ್ತವೆ. ಅದರಲ್ಲಿ ನಾಲ್ಕು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಎದುರಿಗೆ ಯಾರೇ ಬರಲಿ, ‘ಬೋಂಜೂರ್’ ಅನ್ನಿ. ನಗರದಲ್ಲಿ ಮುಖ ತಿರುಗಿಸಿಕೊಂಡು ಹೋಗುವ ಜನವೇ ಕಾಡುದಾರಿಯಲ್ಲಿ ಅದನ್ನು ನಿರೀಕ್ಷಿಸುತ್ತಾರೆ.

ಶರತ್ಕಾಲದಲ್ಲಿ ಮೊದಲು ತಿಳಿಯಬೇಕಾದದ್ದು ಬೇಟೆಯ ವಿಚಾರ. ಸೆಪ್ಟೆಂಬರ್‌ನಿಂದ ಫೆಬ್ರವರಿ ಕೊನೆವರೆಗೆ ಇಲ್ಲಿ ಬೇಟೆಯ ಕಾಲ, ಭಾನುವಾರವೂ ಬಿಡುವಿಲ್ಲ. ದಾರಿ ಬದಿಯಲ್ಲಿ ‘ಶಾಸ್ ಆಂ ಕೂರ್’ ಎಂಬ ಫಲಕ ಕಂಡರೆ ಒಳಗೆ ಕಾಡುಹಂದಿಯನ್ನೋ ಜಿಂಕೆಯನ್ನೋ ಅಟ್ಟುತ್ತಿದ್ದಾರೆ ಎಂದೇ ತಿಳಿಯಿರಿ. ಧೈರ್ಯ ತೋರಿಸುವ ಜಾಗ ಅದಲ್ಲ, ಬೇರೆ ದಾರಿ ಹಿಡಿಯಿರಿ. ಕಾರಿನಲ್ಲಿ ಹೇಗೂ ಇಟ್ಟುಕೊಳ್ಳಬೇಕಾದ ಹೊಳೆಯುವ ಹಳದಿ ಜಾಕೆಟ್ ಇದೆಯಲ್ಲ, ಈ ತಿಂಗಳುಗಳಲ್ಲಿ ಅದನ್ನು ಮೈಮೇಲೆ ಹಾಕಿಕೊಂಡೇ ನಡೆಯಿರಿ. ಕಂದು ಶಾಲು, ಬೂದು ಟೋಪಿ ಮನೆಯಲ್ಲಿರಲಿ.

ಇನ್ನೊಂದು ವಿಷಯ: ಫ್ರಾನ್ಸಿನ ಕಾಡಿನಲ್ಲಿ ಮುಕ್ಕಾಲು ಪಾಲು ಖಾಸಗಿಯದು. ಬೇಲಿ ಇಲ್ಲದಿದ್ದರೂ ಯಾರದೋ ಒಬ್ಬರದು. 2023ರ ಫೆಬ್ರವರಿಯ ಕಾನೂನಿನ ಪ್ರಕಾರ, ಖಾಸಗಿ ಎಂದು ಸ್ಪಷ್ಟವಾಗಿ ಗುರುತು ಹಾಕಿದ ಕಡೆ ನುಗ್ಗಿದರೆ 135 ಯೂರೋ ದಂಡ ಬೀಳಬಹುದು. ಗುರುತಿನ ದಾರಿಯಲ್ಲಿ ನಡೆಯುವವರಿಗೆ ಈ ತಲೆನೋವಿಲ್ಲ. ದನದ ಹುಲ್ಲುಗಾವಲಿನ ಗೇಟು ದಾಟಿದ ಮೇಲೆ ಮುಚ್ಚಿ, ಅಷ್ಟೆ.

ಅಣಬೆಗೂ ಇದೇ ಮಾತು. ಅಕ್ಟೋಬರ್‌ನಲ್ಲಿ ಎರಡು ಮಳೆ ಬಿದ್ದು ಬಿಸಿಲು ಬಂದರೆ ಆಫೀಸಿನ ಫ್ರೆಂಚ್ ಸಹೋದ್ಯೋಗಿಗಳು ಸೋಮವಾರ ‘ಸೆಪ್’ ಅಣಬೆಯ ಫೋಟೋ ತೋರಿಸುತ್ತಾರೆ. ಎಲ್ಲಿ ಸಿಕ್ಕಿತು ಎಂದು ಮಾತ್ರ ಪ್ರಾಣ ಹೋದರೂ ಹೇಳುವುದಿಲ್ಲ. ಕಾಡಿನ ಅಣಬೆ ಆ ಜಾಗದ ಮಾಲೀಕರ ಸ್ವತ್ತು. ಸರ್ಕಾರಿ ಕಾಡುಗಳಲ್ಲಿ ಮನೆಬಳಕೆಗೆಂದು ತಲೆಗೆ ಐದು ಲೀಟರಿನಷ್ಟು, ಅಂದರೆ ಸಣ್ಣ ಬುಟ್ಟಿಯಷ್ಟು ಕಿತ್ತರೆ ಸಾಮಾನ್ಯವಾಗಿ ತಕರಾರಿಲ್ಲ. ಆದರೆ ಗುರುತು ಗೊತ್ತಿಲ್ಲದೆ ಬಾಯಿಗಿಡಬೇಡಿ. ‘ಅಮಾನಿತ್ ಫಾಲೋಯಿದ್’ ಎಂಬ ಹಸಿರು ಛಾಯೆಯ ಅಣಬೆ ತಿಂದರೆ ಆರು ಗಂಟೆಯಾದರೂ ಏನೂ ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ಲಿವರ್‌ಗೆ ಪೆಟ್ಟು ಬಿದ್ದಿರುತ್ತದೆ. ಆ್ಯಪ್‌ನಲ್ಲಿ ಫೋಟೋ ಹಿಡಿದು ನೋಡುವುದು ಪರೀಕ್ಷೆಯಲ್ಲ. ಇಲ್ಲಿನ ಫಾರ್ಮಸಿಸ್ಟರಿಗೆ ಓದಿನಲ್ಲೇ ಅಣಬೆ ಗುರುತಿಸುವ ಪಾಠವಿದೆ. ಹಳ್ಳಿಯ ಫಾರ್ಮಸಿಗೆ ಬುಟ್ಟಿ ಒಯ್ದು ತೋರಿಸುವ ರೂಢಿ ಇನ್ನೂ ಇದೆ.

ಅಣಬೆಯ ಗೊಡವೆ ಬೇಡ ಅನ್ನುವವರಿಗೆ ಚೆಸ್ಟ್‌ನಟ್ ಇದೆ. ತಿನ್ನುವ ‘ಶತೆಞ್’ ಯಾವುದು, ವಿಷದ ‘ಮರೋಂ ದ್ಯಾಂದ್’ ಯಾವುದು ಎಂದು ಒಮ್ಮೆ ನೋಡಿಕೊಂಡರೆ ಸಾಕು. ಪಾರ್ಕು, ಶಾಲೆಯ ಅಂಗಳದಲ್ಲಿ ಬಿದ್ದಿರುವುದು ವಿಷದ್ದು: ಹಸಿರು ಸಿಪ್ಪೆಯ ಮೇಲೆ ಅಲ್ಲೊಂದು ಇಲ್ಲೊಂದು ಮೊಂಡು ಮುಳ್ಳು, ಒಳಗೆ ಸಾಮಾನ್ಯವಾಗಿ ಒಂದೇ ದುಂಡನೆಯ ಬೀಜ. ಕಾಡಿನ ಶತೆಞ್‌ನ ಸಿಪ್ಪೆಯನ್ನು ಬರಿಗೈಯಲ್ಲಿ ಮುಟ್ಟಲೂ ಆಗುವುದಿಲ್ಲ, ಅಷ್ಟು ಒತ್ತೊತ್ತಾಗಿ ಸೂಜಿಮುಳ್ಳು. ಬೂಟುಗಾಲಿನಲ್ಲಿ ಒತ್ತಿ ಬಿಡಿಸಿದರೆ ಎರಡು ಮೂರು ಬೀಜ ಒಂದಕ್ಕೊಂದು ಅಂಟಿ ಕೂತಿರುತ್ತವೆ. ಅದಕ್ಕೇ ಒಂದು ಬದಿ ಚಪ್ಪಟೆ, ತುದಿಯಲ್ಲಿ ಕುಚ್ಚಿನಂಥ ಚೂಪು. ಹುರಿಯುವ ಮುನ್ನ ಚಾಕುವಿನಿಂದ ಸೀಳು ಹಾಕಿ, ಇಲ್ಲವಾದರೆ ಒಲೆಯ ಮೇಲೇ ಸಿಡಿಯುತ್ತವೆ.

ಚಳಿಗಾಲಕ್ಕೆ ಹೆದರಬೇಡಿ. ಜೀನ್ಸ್, ಹತ್ತಿಯ ಬನಿಯನ್ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತವೆ, ಚಳಿ ಹತ್ತುವುದು ಅದರಿಂದಲೇ. ತೆಳ್ಳಗಿನ ಉಣ್ಣೆ ಅಥವಾ ಸಿಂಥೆಟಿಕ್ ಒಳಗೆ, ಅದರ ಮೇಲೊಂದು ಫ್ಲೀಸ್, ಹೊರಗೆ ಗಾಳಿ ಮಳೆ ತಡೆಯುವ ಜಾಕೆಟ್. ಡಿಸೆಂಬರ್, ಜನವರಿಯಲ್ಲಿ ಗರೋನ್ ನದಿಯ ಬಯಲು ದಿನಗಟ್ಟಲೆ ಮಂಜಿನಲ್ಲಿ ಮುಳುಗಿರುವಾಗ ಆರಿಯೆಜ್ ಕಡೆಯ ಬೆಟ್ಟಗಳ ಮೇಲೆ ಎಷ್ಟೋ ಸಲ ಝಗಝಗಿಸುವ ಬಿಸಿಲಿರುತ್ತದೆ. ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಬೆಟ್ಟದ ಊರುಗಳಲ್ಲಿ ಕಾರಿಗೆ ಚಳಿಗಾಲದ ಟೈರ್ ಇರಬೇಕು, ಇಲ್ಲವೇ ಡಿಕ್ಕಿಯಲ್ಲಿ ಚೈನ್. ಸ್ಕೀ ಕಲಿಯಲು ದುಡ್ಡೂ ಬೇಕು, ಬೀಳುವ ಧೈರ್ಯವೂ ಬೇಕು; ಬೂಟಿಗೆ ಕಟ್ಟಿಕೊಂಡು ಹಿಮದ ಮೇಲೆ ನಡೆಯುವ ‘ರಾಕೆತ್’ ಹಲಗೆ ಬಾಡಿಗೆಗೆ ಪಡೆದು ಅದೇ ಬೆಟ್ಟಗಳ ಪ್ಲಾತೋ ದ ಬೆಯ್‌ನ ಗುರುತಿಸಿದ ದಾರಿಗಳಲ್ಲಿ ಓಡಾಡಲು ಎರಡೂ ಬೇಡ. ಗುರುತು ಬಿಟ್ಟು ಹೊರಗೆ ಹೋಗುವುದಾದರೆ ಮೆತೆಯೋ-ಫ್ರಾನ್ಸ್‌ನ ಹಿಮಕುಸಿತದ ವರದಿ ಓದಬೇಕು. ಮೊದಲ ವರ್ಷ ಹೋಗದಿದ್ದರೇ ಒಳ್ಳೆಯದು.

ಕಾರಿಲ್ಲದವರಿಗೆ ಆಕ್ಸ್-ಲೆ-ತೆರ್ಮ್ ಇದೆ. ಟುಲೂಸ್‌ನ ಮತಬಿಯೋ ಸ್ಟೇಷನ್ನಿನಿಂದ ಪ್ರಾದೇಶಿಕ ರೈಲಿನಲ್ಲಿ ಹೆಚ್ಚುಕಡಿಮೆ ಎರಡು ಗಂಟೆ. ಊರ ನಡುವೆಯೇ ‘ಬಸ್ಸಾಂ ದೆ ಲಾದ್ರ್’ ಎಂಬ ಬಿಸಿನೀರಿನ ಕೊಳ, 13ನೇ ಶತಮಾನದಲ್ಲಿ ಕುಷ್ಠರೋಗಿಗಳಿಗೆಂದು ಕಟ್ಟಿಸಿದ್ದು. ಗಂಧಕದ ವಾಸನೆ, ಕಲ್ಲಿನ ಮೆಟ್ಟಿಲು, ಸುತ್ತ ಹಿಮ. ಪ್ಯಾಂಟು ಮೊಣಕಾಲಿಗೆ ಮಡಚಿ ಸಾಲಾಗಿ ಕಾಲು ಇಳಿಬಿಟ್ಟು ಹರಟುವ ಅಜ್ಜಿಯರು. ಟಿಕೆಟ್ ಇಲ್ಲ. ಟವೆಲ್ ಮರೆಯಬೇಡಿ, ಕೊನೆಯ ರೈಲಿನ ವೇಳೆಯನ್ನು ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ.

ಫೆಬ್ರವರಿ ಕೊನೆಗೆ ತಲೆಯ ಮೇಲೆ ಗದ್ದಲ ಕೇಳಿದರೆ ಹೊರಗೆ ಬಂದು ನೋಡಿ: ಕೊಕ್ಕರೆಗಿಂತ ದೊಡ್ಡ ಬೂದು ಕ್ರೌಂಚಗಳು ಸ್ಪೇನಿನಿಂದ ಉತ್ತರಕ್ಕೆ ಸಾಲುಗಟ್ಟಿ ಹೋಗುತ್ತಿರುತ್ತವೆ. ಮೇಲೆ ನೋಡುವಾಗ ಕೆಳಗೂ ಕಣ್ಣಿರಲಿ. ಅದೇ ಹೊತ್ತಿಗೆ ಪೈನ್ ಮರಗಳಿಂದ ಕಂಬಳಿಹುಳಗಳು ಒಂದರ ಬೆನ್ನಿಗೆ ಒಂದರಂತೆ ಇಳಿದು ಮೆರವಣಿಗೆ ಹೊರಡುತ್ತವೆ. ಮಕ್ಕಳಿಗೆ ತಮಾಷೆ ಅನಿಸುತ್ತದೆ, ಮುಟ್ಟಲು ಬಿಡಬೇಡಿ. ಅವುಗಳ ರೋಮ ತಾಗಿದರೆ ಚರ್ಮ, ಕಣ್ಣು ಉರಿದೆದ್ದುಬಿಡುತ್ತವೆ. ಮೂಸಿದ ನಾಯಿಗಳ ನಾಲಿಗೆಯೇ ಕೊಳೆಯುವುದುಂಟು.

ವಸಂತಕ್ಕೆ ನನ್ನ ಒಂದೇ ಶಿಫಾರಸು ಕನಾಲ್ ದ್ಯು ಮಿದಿ. ಪಿಯೆರ್-ಪೋಲ್ ರಿಕೆ 1666ರಲ್ಲಿ ಶುರು ಮಾಡಿಸಿದ, 1681ರಲ್ಲಿ ಮುಗಿದ 240 ಕಿಲೋಮೀಟರ್ ಕಾಲುವೆ. ಟುಲೂಸ್‌ನಿಂದ ಮೆಡಿಟರೇನಿಯನ್ ಪಕ್ಕದ ತೋ ಸರೋವರದವರೆಗೆ. ಊರಿಂದ ಹೊರಡುವ ಸೈಕಲ್ ದಾರಿ ಸುಮಾರು ಐವತ್ತು ಕಿಲೋಮೀಟರ್ ಟಾರು ಹಾಕಿದ್ದು, ಏರೇ ಇಲ್ಲ ಅನ್ನಬಹುದು. ಅದು ಮುಗಿಯುವ ಆಸುಪಾಸಿನಲ್ಲಿ ನೋರೂಜ್ ಎಂಬ ಜಾಗ. ಮೊಂತಾಞ್ ನ್ವಾರ್ ಬೆಟ್ಟಗಳ ನೀರನ್ನು ರಿಕೆ ಇಲ್ಲಿಗೆ ತಂದು ಕಾಲುವೆಗೆ ಬಿಟ್ಟ. ಇಲ್ಲಿಂದ ಒಂದು ಪಾಲು ಅಟ್ಲಾಂಟಿಕ್ ಕಡೆಗೆ, ಇನ್ನೊಂದು ಪಾಲು ಮೆಡಿಟರೇನಿಯನ್ ಕಡೆಗೆ. ನಮ್ಮ ಬಿಸಿಲೆ ಘಾಟಿಯ ಮಂಕನಹಳ್ಳಿಯಲ್ಲಿ ಮಳೆನೀರು ಬಂಗಾಳ ಕೊಲ್ಲಿಗೂ ಅರಬ್ಬೀ ಸಮುದ್ರಕ್ಕೂ ಇಬ್ಭಾಗವಾಗುವ ದಿಣ್ಣೆಯನ್ನು ನೋಡಿದವರಿಗೆ ಇದರ ಸೊಗಸು ವಿವರಿಸಬೇಕಿಲ್ಲ. ಅಲ್ಲಿ ಪ್ರಕೃತಿ ಮಾಡಿದ್ದನ್ನು ಇಲ್ಲಿ ಒಬ್ಬ ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದವನು ಮಾಡಿಸಿದ. ಸುಸ್ತಾದರೆ ವಿಲ್‌ಫ್ರಾಂಶ್-ದ-ಲೋರಾಗೆಯಿಂದ ಸೈಕಲ್ ಸಮೇತ ರೈಲು ಹತ್ತಿ. ಹೊರಡುವ ಮುನ್ನ ಗಾಳಿ ನೋಡಿ. ಆಗ್ನೇಯದಿಂದ ಬೀಸುವ ‘ಓತಾಂ’ ಎದುರಾದರೆ ಸಮತಟ್ಟು ದಾರಿಯೂ ಘಾಟಿಯೇ.

ಹುಲ್ಲು ಬೆಳೆದ ಮೇಲೆ ಉಣುಗಿನ ಕಾಟ. ಮಲೆನಾಡಿನವರಿಗೆ ಹೊಸದಲ್ಲ, ಆದರೆ ಇಲ್ಲಿಯವು ಲೈಮ್ ಕಾಯಿಲೆ ಹರಡುತ್ತವೆ. ಮನೆಗೆ ಬಂದ ಮೇಲೆ ಮೊಣಕಾಲಿನ ಹಿಂಭಾಗ, ಕಂಕುಳು, ಮಕ್ಕಳ ಕಿವಿಯ ಹಿಂದೆ ನೋಡಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಫಾರ್ಮಸಿಯಲ್ಲಿ ಸಿಗುವ ಪುಟ್ಟ ಪ್ಲಾಸ್ಟಿಕ್ ಕೊಕ್ಕೆಯಿಂದ ತಿರುಗಿಸಿ ಕೀಳಿ. ಒಂದು ತಿಂಗಳೊಳಗೆ ಕಚ್ಚಿದ ಕಡೆ ಕೆಂಪು ಉಂಗುರ ಹರಡುತ್ತ ಹೋದರೆ ವೈದ್ಯರ ಬಳಿಗೆ ಹೋಗಿ.

ಬಾಲ್ಕನಿಯಲ್ಲಿ ಟೊಮ್ಯಾಟೊ, ಮೆಣಸಿನಸಸಿ ಇಡುವವರು ಮೇ 11, 12, 13 ದಾಟಲಿ. ಆ ಮೂರು ‘ಹಿಮದ ಸಂತರ’ ದಿನಗಳ ಮುಂಚೆ ಇಲ್ಲಿನ ಅಜ್ಜಂದಿರು ಸಸಿ ಹೊರಗಿಡುವುದಿಲ್ಲ. ಜೂನ್ ಬಂದರೆ ತೋಟಗಳಲ್ಲಿ ಕಳೆಯೆಂದು ಕಿತ್ತೆಸೆಯುವ ರಾಶಿಯಲ್ಲಿ ನಮ್ಮ ಗೋಣಿಸೊಪ್ಪು, ಚಕ್ಕೋತ ಸೊಪ್ಪು ಎರಡೂ ಇರುತ್ತವೆ. ಕೇಳಿದರೆ ನಗುತ್ತಾ ಕೊಡುತ್ತಾರೆ. ಗೋಣಿಸೊಪ್ಪಿನ ದಂಟು ಮುರಿದು ನೋಡಿ, ಬಿಳಿ ಹಾಲು ಒಸರಿದರೆ ಅದು ಬೇರೆ, ವಿಷದ ಗಿಡ.

ಬೇಸಿಗೆ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಎಚ್ಚರಿಕೆಯಷ್ಟೇ ಹೇಳುತ್ತೇನೆ. ಪಿರನೀಸ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಮಾಮೂಲು. ಬೆಳಕು ಹರಿಯುವಾಗ ಹೊರಟು ಊಟದ ಹೊತ್ತಿಗೆ ಶಿಖರದಿಂದ ಇಳಿದಿರಿ. ಕುರಿಮಂದೆಯ ಜೊತೆ ‘ಪತು’ ಎಂಬ ದೊಡ್ಡ ಬಿಳಿ ನಾಯಿ ಬೊಗಳುತ್ತ ಬಂದರೆ ಓಡಬೇಡಿ, ಕೋಲು ಎತ್ತಬೇಡಿ. ನಿಂತು, ಮೆತ್ತಗೆ ಮಾತಾಡಿ, ಮಂದೆಯನ್ನು ಬಳಸಿಕೊಂಡು ದೂರದಿಂದ ಹೋಗಿ. ಅಣೆಕಟ್ಟಿನ ಕೆಳಗಿನ ನದಿಗಳಲ್ಲಿ ಹಳದಿ ಫಲಕವಿದ್ದರೆ ನೀರಿಗಿಳಿಯಬೇಡಿ, ಆಕಾಶ ಶುಭ್ರವಿದ್ದರೂ ನೀರು ಏಕಾಏಕಿ ಏರುತ್ತದೆ. ಕಾಡಿನಿಂದ 200 ಮೀಟರ್ ಒಳಗೆ ಬೆಂಕಿ ಹಚ್ಚುವಂತಿಲ್ಲ. ಬಾರ್ಬೆಕ್ಯೂ ಆಸೆ ಬಿಡಿ. ಏನಾದರೂ ಆದರೆ 112.

ಇಷ್ಟು ಹೇಳಿದ ಮೇಲೆ ಬೇಸಿಗೆಯ ಒಂದು ಸುಖವನ್ನು ಒಪ್ಪಿಕೊಳ್ಳಲೇಬೇಕು: ಹಳ್ಳಿಗಳ ರಾತ್ರಿ ಸಂತೆ. ಒಂಬತ್ತೂವರೆವರೆಗೂ ಬೆಳಕು, ಚೌಕದ ತುಂಬ ಉದ್ದುದ್ದ ಮೇಜು, ಸುತ್ತಲಿನ ರೈತರ ಅಂಗಡಿಗಳಿಂದ ಕೊಂಡು ಅಲ್ಲೇ ಕೂತು ತಿನ್ನುವುದು. ತಟ್ಟೆ, ಚಮಚ ಮನೆಯಿಂದಲೇ ಒಯ್ಯಿರಿ. ಸಲಾಡ್ ಎಂದರೆ ಸಸ್ಯಾಹಾರ ಎಂದುಕೊಳ್ಳಬೇಡಿ, ಇಲ್ಲಿ ಬಾತುಕೋಳಿಯ ಚೂರುಗಳಿಲ್ಲದ ಸಲಾಡ್ ಅಪರೂಪ. ಆಲೂಗಡ್ಡೆ, ಎಳೆ ಚೀಸ್ ಸೇರಿಸಿ ಎಳೆಎಳೆಯಾಗಿ ಎತ್ತಿ ಬಡಿಸುವ ‘ಅಲಿಗೊ’ ಕೇಳಿ, ‘ಸಾಂ ಸೋಸಿಸ್’ (ಸಾಸೇಜ್ ಬೇಡ) ಎಂದು ಮೊದಲೇ ಹೇಳಿ. ಆ ಚೀಸನ್ನು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ, ಕಟ್ಟುನಿಟ್ಟಿನವರು ಚಿತ್ರಾನ್ನದ ಡಬ್ಬಿ ಜೊತೆಗಿಟ್ಟುಕೊಳ್ಳಿ. ಮನೆಯ ಡಬ್ಬಿ ಬಿಚ್ಚಿದರೆ ಯಾರೂ ಬೇಡ ಅನ್ನುವುದಿಲ್ಲ. ಪಕ್ಕದ ಮೇಜಿನವರು ಒಂದು ತುತ್ತು ಕೇಳಿದರೂ ಕೇಳಬಹುದು.